ಉತ್ತರ: ‘ಸೇಫ್‌ಗಾರ್ಡ್ಸ್’ಗೆ ಕನ್ನಡದಲ್ಲಿ ಏನು? (ಅಣು ಒಪ್ಪಂದ, ತುರ್ತು)

> 2008ರ ಭಾರತ–ಅಮೆರಿಕ ಅಣು ಒಪ್ಪಂದದಿಂದ ನಮಗೇನು ಲಾಭ ಎಂಬ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೇಫ್‌ಗಾರ್ಡ್ಸ್’ಗೆ ‘ಸುರಕ್ಷತಾ ಕ್ರಮ’ ಸಾಕಾ? ನಾಳೆ ಬೆಳಿಗ್ಗೆ ಕೊಡಬೇಕು.

ಸಾಲದು ಸರ್. ಅರ್ಥವೇ ಕೆಡುತ್ತದೆ. ಸುರಕ್ಷತೆ ಎಂದರೆ ರಿಯಾಕ್ಟರಿನಲ್ಲಿ ಅನಾಹುತ ಆಗದಂತೆ ನೋಡಿಕೊಳ್ಳುವುದು. ಇದು ಬೇರೆ. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಬಂದು ಯುರೇನಿಯಂ ಲೆಕ್ಕ ನೋಡುತ್ತಾರೆ, ಸೀಲ್ ಹಾಕುತ್ತಾರೆ, ಕ್ಯಾಮೆರಾ ಇಡುತ್ತಾರೆ. ಕರೆಂಟಿಗೆ ಅಂತ ಕೊಟ್ಟದ್ದು ಬಾಂಬಿಗೆ ಹೋಗಬಾರದು, ಅಷ್ಟೇ. ‘ಕಾವಲು ತಪಾಸಣೆ’ ಎಂದು ಬರೆಯಿರಿ.

ಕೈಗಾವನ್ನೇ ನೋಡಿ. ಆಗಿನ 22 ರಿಯಾಕ್ಟರುಗಳಲ್ಲಿ (ಕಟ್ಟುತ್ತಿದ್ದವೂ ಸೇರಿ) 14ನ್ನು ಈ ತಪಾಸಣೆಗೆ ಒಪ್ಪಿಸಿದೆವು. ಕೈಗಾ ಅದರಲ್ಲಿಲ್ಲ. ನಿಮ್ಮ ಪದ ಹಾಕಿದರೆ ‘ಕೈಗಾಕ್ಕೆ ಸುರಕ್ಷತಾ ಕ್ರಮ ಇಲ್ಲ’ ಎಂದಾಗುತ್ತದೆ. ಕಾರವಾರದವರು ಓದಿದರೆ ಗಾಬರಿ ಬೀಳುವುದಿಲ್ವಾ? ಅಲ್ಲಿನ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮ ಓಡಿತ್ತು, ಅದೂ ದೇಶದ ಯುರೇನಿಯಮ್ಮಿನಲ್ಲೇ.

> ‘ಕಾಪು’ ಅಚ್ಚಗನ್ನಡ. ‘ತಪಾಸಣೆ’ ಎರವಲು, ಬೇಡ.

ಒಪ್ಪುವುದಿಲ್ಲ. ಕಾಪಾಡು, ಕಾವಲು ಎಲ್ಲ ಕಾಪಿನ ಬಳಗವೇ, ಸರಿ. ಆದರೆ ಬರೀ ‘ಕಾಪು’ ಎಂದರೆ ಓದುಗರಿಗೆ ಉಡುಪಿ ಪಕ್ಕದ ಊರು. ತಪಾಸಣೆ ಮರಾಠಿ ಕಡೆಯಿಂದ ಬಂದಿರಲಿ, ಏನೀಗ? ಅರ್ಜಿ, ಕರಾರು, ಜಾಮೀನು ಇಲ್ಲದೆ ನಮ್ಮ ಒಂದು ಕಚೇರಿ ನಡೆಯುತ್ತದಾ? ಜನರ ಬಾಯಲ್ಲಿ ಇರುವ ಪದವನ್ನು ಹುಟ್ಟು ಕೇಳಿ ಹೊರಗೆ ಹಾಕುವುದು ಕನ್ನಡಕ್ಕೆ ಮಾಡುವ ಉಪಕಾರವಲ್ಲ. ‘ಅಣು’ ತಪ್ಪು, ‘ಪರಮಾಣು’ ಸರಿ ಎಂಬ ವಾದವೂ ಹಾಗೇ. ಶಾಲೆಯ ಪುಸ್ತಕದಲ್ಲಿ ಆ ಭೇದ ಬೇಕು. ಪೇಪರ್ ಓದುವವರಿಗೆ ಅದು ಅಣುಸ್ಥಾವರವೇ.

‘ಸಿವಿಲ್’ಗೆ ‘ನಾಗರಿಕ’ ಬೇಡ, ‘ಸೇನೆಗೆ ಸೇರದ’ ಎನ್ನಿ. ಉದ್ದವಾದರೂ ಅರ್ಥವಾಗುತ್ತದೆ.

ಇನ್ನು ‘ಲಾಭ’. ಒಪ್ಪಂದಕ್ಕೆ ಮುಂಚೆ ಇಂಧನ ಸಾಲದೆ ನಮ್ಮ ಸ್ಥಾವರಗಳು ಅರೆಬರೆ ಓಡುತ್ತಿದ್ದವು. ಆಮೇಲೆ ರಷ್ಯಾ, ಕಜಕಿಸ್ತಾನ್, ಕೆನಡಾದಿಂದ ಯುರೇನಿಯಂ ಬಂತು. ನಮ್ಮ ಅದಿರು ತಪಾಸಣೆ ಇಲ್ಲದ ಸ್ಥಾವರಗಳಿಗೆ ಉಳಿಯಿತು. ನನ್ನ ಪ್ರಕಾರ ದೊಡ್ಡ ಲಾಭ ಇದೇ. ಒಪ್ಪಂದವಾದ ಮೇಲೆ ಅಮೆರಿಕದ ಒಂದು ರಿಯಾಕ್ಟರೂ ಇಲ್ಲಿ ಎದ್ದಿಲ್ಲ. ಅಪಘಾತವಾದರೆ ಯಂತ್ರ ಕೊಟ್ಟವರನ್ನೂ ಹಿಡಿಯಬಹುದು ಎಂದ 2010ರ ಕಾಯ್ದೆಗೆ ಅಲ್ಲಿನ ಕಂಪನಿಗಳು ಹಿಂಜರಿದವು. ಅಲ್ಲಿ ಬರುವ ‘ಲಯಬಿಲಿಟಿ’ಗೆ ‘ಹೊಣೆ’ ಸಾಕು, ‘ಬಾಧ್ಯತೆ’ ಬೇಡ. ಲೇಖನದಲ್ಲಿ ‘ಅಮೆರಿಕದ ರಿಯಾಕ್ಟರುಗಳು ಬಂದವು’ ಎಂದಿದ್ದರೆ ಕಳಿಸುವ ಮುಂಚೆ ಲೇಖಕರನ್ನು ಒಮ್ಮೆ ಕೇಳಿ.