ಜಾಂಬಿಯಾದ ಸಾಲ ಒಮ್ಮೆ ಮನ್ನಾ ಆಗಿತ್ತಲ್ಲ, ಮತ್ತೆ ಸುಸ್ತಿ ಆದದ್ದು ಹೇಗೆ?

ಪ್ರಶ್ನೆ: 2005ರಲ್ಲಿ ಜಾಂಬಿಯಾದ ವಿದೇಶಿ ಸಾಲ ಮನ್ನಾ ಆಯಿತು ಎಂದು ಓದಿದ್ದೆ. 2020ರಲ್ಲಿ ಅದೇ ದೇಶ ಬಡ್ಡಿ ಕಟ್ಟಲಾಗದೆ ಸುಸ್ತಿಯಾಯಿತು. 2023ರಲ್ಲಿ ಮತ್ತೆ ‘ಸಾಲ ಪರಿಹಾರ’. ನಮ್ಮಲ್ಲಿ ರೈತರ ಸಾಲ ಮನ್ನಾ ಅಂದರೆ ಖಾತೆ ಚುಕ್ತಾ. ದೇಶಕ್ಕೆ ಮನ್ನಾ ಅಂದರೆ ಏನು? ಬಲ್ಲವರು ಬಿಡಿಸಿ ಹೇಳಿ.

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕಿ): ರೈತರ ಸಾಲ ಮನ್ನಾದಲ್ಲಿ ಬ್ಯಾಂಕಿಗೆ ಸರ್ಕಾರ ತುಂಬಿಕೊಡುತ್ತದೆ. ದೇಶದ ಸಾಲಕ್ಕೆ ತುಂಬಿಕೊಡುವ ಮೇಲಿನ ಸರ್ಕಾರವಿಲ್ಲ, ದಿವಾಳಿ ನ್ಯಾಯಾಲಯವೂ ಇಲ್ಲ. ಸಾಲ ಕೊಟ್ಟ ಪ್ರತಿಯೊಬ್ಬರೂ ಒಪ್ಪಬೇಕು. ಹಾಗಾಗಿ ಯಾರಿಗೆ ಬಾಕಿ ಎನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೊದಲ ಸಲದ್ದು ಐಎಂಎಫ್ ಮತ್ತು ವಿಶ್ವಬ್ಯಾಂಕ್ 1996ರಲ್ಲಿ ಆರಂಭಿಸಿದ, 1999ರಲ್ಲಿ ಸಡಿಲಿಸಿದ ಎಚ್‌ಐಪಿಸಿ (ಸಾಲದ ಹೊರೆ ಹೆಚ್ಚಿರುವ ಬಡ ದೇಶಗಳ) ಯೋಜನೆ. ಸಾಲದ ಇಂದಿನ ಮೌಲ್ಯ (ಮುಂದೆ ಕಟ್ಟಬೇಕಾದ ಕಂತುಗಳಿಗೆ ಇವತ್ತಿನ ಬೆಲೆ) ವಾರ್ಷಿಕ ರಫ್ತಿನ 150% ದಾಟಿದ್ದರೆ, ದಾಟಿದಷ್ಟನ್ನು ಇಳಿಸುವುದು ಅದರ ಮುಖ್ಯ ಅಳತೆ. ಎರಡು ಬಾಗಿಲು ದಾಟಬೇಕು. ಮೊದಲನೆಯದಕ್ಕೆ ಈ ಎರಡು ಸಂಸ್ಥೆಗಳ ಹಳೆ ಬಾಕಿ ಇತ್ಯರ್ಥವಾಗಿ, ಬಡತನ ಇಳಿಸುವ ಯೋಜನೆ ಕೈಯಲ್ಲಿರಬೇಕು. ಜಾಂಬಿಯಾ ಇದನ್ನು 2000ರ ಡಿಸೆಂಬರ್‌ನಲ್ಲಿ ದಾಟಿತು, ಎರಡನೆಯದನ್ನು 2005ರ ಏಪ್ರಿಲ್‌ನಲ್ಲಿ. ನಡುವೆ ಸಿಕ್ಕಿದ್ದು ತಾತ್ಕಾಲಿಕ ರಿಯಾಯಿತಿ ಅಷ್ಟೇ. ಆಮೇಲೆ ಜಿ8 ಎಂಬ ಎಂಟು ಪ್ರಬಲ ದೇಶಗಳ ಕೂಟದ ಒಪ್ಪಂದದಂತೆ ಐಎಂಎಫ್‌ನಿಂದ 2004ರ ಕೊನೆಯೊಳಗೆ, ವಿಶ್ವಬ್ಯಾಂಕ್‌ನ ಐಡಿಎ ವಿಭಾಗದಿಂದ 2003ರ ಕೊನೆಯೊಳಗೆ ಪಡೆದ ಸಾಲದಲ್ಲಿ ಉಳಿದದ್ದೂ ಪೂರ್ತಿ ರದ್ದಾಯಿತು. ತಾರೀಖಿನ ನಂತರ ತೆಗೆದದ್ದು ಹಾಗೇ ನಿಂತಿತು. ಚರ್ಚೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಈ ತಾರೀಖು.

ಲೆಕ್ಕ ಹಗುರಾದ ದೇಶಕ್ಕೆ ಮಾರುಕಟ್ಟೆ ತಾನಾಗಿ ಸಾಲ ಕೊಟ್ಟಿತು. ಡಾಲರ್ ಬಾಂಡ್‌ಗಳನ್ನು ನೋಡಿ: 2012ರಲ್ಲಿ 75 ಕೋಟಿ ಡಾಲರ್, ಬಡ್ಡಿ 5.375%, 2014ರಲ್ಲಿ 100 ಕೋಟಿ, 8.5%, 2015ರಲ್ಲಿ 125 ಕೋಟಿ, 8.97%. ಜೊತೆಗೆ ರಸ್ತೆ, ವಿದ್ಯುತ್ ಯೋಜನೆಗಳಿಗೆ ಚೀನಾದ ಸಾಲ. ಐಡಿಎ ಸಾಲಕ್ಕಾದರೆ ಸೇವಾ ಶುಲ್ಕ 0.75%, ತೀರಿಸಲು ದಶಕಗಳ ಅವಕಾಶ. ತೆರಿಗೆ ಬರುವುದು ಜಾಂಬಿಯಾದ ನಾಣ್ಯ ಕ್ವಾಚಾದಲ್ಲಿ, ಕಟ್ಟುವುದು ಡಾಲರ್‌ನಲ್ಲಿ. ರಫ್ತಿನ ಸುಮಾರು 70% ತಾಮ್ರ. ತಾಮ್ರದ ಬೆಲೆ ಕುಸಿದಾಗ ಕ್ವಾಚಾವೂ ಕುಸಿದು ಅದೇ ಸಾಲ ಸ್ಥಳೀಯ ಲೆಕ್ಕದಲ್ಲಿ ಉಬ್ಬುತ್ತದೆ. 2020ರ ನವೆಂಬರ್‌ನಲ್ಲಿ ತಪ್ಪಿದ ಬಡ್ಡಿ 4.25 ಕೋಟಿ ಡಾಲರ್. 100 ಕೋಟಿಗೆ 8.5%ರಂತೆ ಆರು ತಿಂಗಳ ಬಡ್ಡಿ ಅದು.

ಪ್ರಶ್ನೆ: ಧನ್ಯವಾದ ಮೇಡಂ. 2023ರಲ್ಲಿ ಅಸಲಿನಲ್ಲಿ ಎಷ್ಟು ಬಿಟ್ಟರು?

ಉತ್ತರ (ಅವರೇ): ಸರ್ಕಾರಗಳು ಕೊಟ್ಟಿದ್ದ ಸಾಲದಲ್ಲಿ ಒಂದು ಪೈಸೆಯನ್ನೂ ಬಿಡಲಿಲ್ಲ! ಸುಮಾರು 630 ಕೋಟಿ ಡಾಲರ್, ಅದರಲ್ಲಿ ದೊಡ್ಡ ಪಾಲು ಚೀನಾದ್ದು. ಅವಧಿಯನ್ನು 2043ರವರೆಗೆ ಎಳೆದು, 2037ರ ತನಕ ಬಡ್ಡಿ 1% ಎಂದರು. ದೇಶದ ಸಾಲ ತೀರಿಸುವ ಶಕ್ತಿ ಹೆಚ್ಚಿದರೆ ಬಡ್ಡಿಯೂ ಏರುತ್ತದೆ, ಕಂತೂ ಬೇಗ ಬರುತ್ತದೆ.

ಹಾಗಾದರೆ ಪರಿಹಾರ ಎಲ್ಲಿ? ಇಂದಿನ ಮೌಲ್ಯದಲ್ಲಿ. ವರ್ಷಕ್ಕೆ 5% ಬಡ್ಡಿ ಹಿಡಿದರೆ 10 ವರ್ಷದ ಮೇಲೆ ಬರುವ 100 ರೂಪಾಯಿಗೆ ಇಂದಿನ ಬೆಲೆ 61.4, 20 ವರ್ಷದ ಮೇಲಿನದಕ್ಕೆ 37.7. ಅಸಲು ಮುಟ್ಟದೆಯೇ ಭಾರ ಇಳಿಯುವುದು ಹೀಗೆ. ಆದರೆ ಆ 5% ಬದಲಿಸಿದರೆ ‘ಕಡಿತ’ದ ಅಂಕಿಯೂ ಬದಲಾಗುತ್ತದೆ. ಪತ್ರಿಕೆಯಲ್ಲಿ ‘ಇಷ್ಟು ಶೇಕಡಾ ಸಾಲ ಪರಿಹಾರ’ ಎಂದು ಕಂಡರೆ ಯಾವ ದರ ಹಿಡಿದಿದ್ದಾರೆಂದು ಮೊದಲು ಹುಡುಕಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಒಬ್ಬರು ಒಪ್ಪದೆ ಕೋರ್ಟಿಗೆ ಹೋದರೆ?

ಉತ್ತರ (ವಕೀಲರು): ಹೋಗಿದ್ದಾರೆ ಸರ್, ಇದೇ ಜಾಂಬಿಯಾದ ಮೇಲೆ. ಕೃಷಿ ಯಂತ್ರಗಳಿಗೆಂದು 1979ರಲ್ಲಿ ರೊಮೇನಿಯಾ ಕೊಟ್ಟ ಸುಮಾರು 1.5 ಕೋಟಿ ಡಾಲರ್‌ನ ಸಾಲವನ್ನು 1999ರಲ್ಲಿ ಡೊನೆಗಾಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 30 ಲಕ್ಷ ಡಾಲರ್ ಚಿಲ್ಲರೆಗೆ ಕೊಂಡಿತು. ಆಮೇಲೆ 5.5 ಕೋಟಿಗೆ ದಾವೆ. 2007ರಲ್ಲಿ ಲಂಡನ್ ಹೈಕೋರ್ಟ್ ಸುಮಾರು 1.5 ಕೋಟಿ ಕೊಡಿಸಿತು. 2003ರಲ್ಲಿ ಜಾಂಬಿಯಾ ಸರ್ಕಾರವೇ ರಾಜಿಪತ್ರಕ್ಕೆ ಸಹಿ ಹಾಕಿ, ಸಾಲವನ್ನೂ ಕೋರ್ಟಿನ ಅಧಿಕಾರವನ್ನೂ ಒಪ್ಪಿಕೊಂಡಿದ್ದು ಮುಳುವಾಯಿತು. ಇಂಥವರು ಎಚ್‌ಐಪಿಸಿ ಮಿತಿಗಿಂತ ಹೆಚ್ಚು ವಸೂಲು ಮಾಡದಂತೆ ಬ್ರಿಟನ್ 2010ರಲ್ಲಿ ಕಾಯ್ದೆ ತಂದಿತು. ಹೊಸ ಸಾಲಗಳಿಗೆ ಅದು ಅನ್ವಯಿಸದು. ಈಗಿನ ಬಾಂಡ್‌ಗಳಲ್ಲಿ ರಕ್ಷಣೆ ಬಹುಮತದ ಷರತ್ತು: ನಿಗದಿಯಾದಷ್ಟು ಪಾಲಿನವರು, ಸಾಮಾನ್ಯವಾಗಿ 75%, ಒಪ್ಪಿದರೆ ಉಳಿದವರಿಗೂ ಅದೇ ಕಟ್ಟು.

ಪ್ರಶ್ನೆ: ಬಾಂಡ್‌ನವರೂ ಕಡಿತ ಒಪ್ಪಿದರೇ?

ಉತ್ತರ (ಉಪನ್ಯಾಸಕಿ): ಒಪ್ಪಿದರು, ಎಳೆದಾಡಿ. 2023ರ ನವೆಂಬರ್‌ನಲ್ಲಿ ಅವರ ಮೊದಲ ಒಪ್ಪಂದವನ್ನು ಸಾಲ ಕೊಟ್ಟ ಸರ್ಕಾರಗಳ ಸಮಿತಿ ತಿರಸ್ಕರಿಸಿತು: ‘ನಾವು ಬಿಟ್ಟಷ್ಟು ನೀವು ಬಿಟ್ಟಿಲ್ಲ’. ಕೊನೆಗೆ 2024ರ ಜೂನ್‌ನಲ್ಲಿ ಸುಮಾರು 84 ಕೋಟಿ ಡಾಲರ್ ಬೇಡಿಕೆ ಕೈಬಿಟ್ಟರು. ‘ಬಿಟ್ಟಷ್ಟು’ ಅನ್ನುವುದನ್ನು ಅಳೆಯುವುದು ಹೇಗೆಂಬ ಜಗಳ ಎಲ್ಲ ಕಡೆಯೂ ಇದೆ. 2023ರ ಫೆಬ್ರವರಿಯಲ್ಲಿ ಜಿ20 ಹಣಕಾಸು ಸಚಿವರ ಸಭೆಯ ಜೊತೆ ಬೆಂಗಳೂರಿನಲ್ಲಿ ದುಂಡುಮೇಜಿನ ಸಭೆ ಸೇರಿದ್ದು ಇಂಥ ಗೋಜಲು ಬಿಡಿಸಲೆಂದೇ. ಹೀಗೇ ಸುಸ್ತಿಯಾದ ಶ್ರೀಲಂಕಾದ ವಿಷಯದಲ್ಲಿ ಭಾರತ, ಜಪಾನ್, ಫ್ರಾನ್ಸ್ ಒಂದು ಸಮಿತಿ ನಡೆಸಿದರೆ, ಚೀನಾ ಸರ್ಕಾರದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಪ್ರತ್ಯೇಕವಾಗಿಯೇ ಮಾತುಕತೆ ಮುಗಿಸಿಕೊಂಡಿತು.