ಸಿಲ್ವರ್ ಕ್ಲೇ ಓಲೆ: ಒಂದು ಗಟ್ಟಿ, ಇನ್ನೊಂದು ಬಿಸ್ಕತ್ತಿನ ಹಾಗೆ ಮುರಿಯಿತು. ಯಾಕೆ?

ಹೊಂಬಾಳೆ (ಮಂಡ್ಯ):
ಪಿಎಂಸಿ3 ಅನ್ನುವ ಸಿಲ್ವರ್ ಕ್ಲೇ (ಸುಟ್ಟರೆ ಬೆಳ್ಳಿಯಾಗುವ ಮುದ್ದೆ). ಎಲೆಯಾಕಾರದ ಎರಡು ಓಲೆ, ತಲಾ 4 ಗ್ರಾಂ, ದಪ್ಪ 1 ಮಿ.ಮೀ. ವೀಳ್ಯದೆಲೆಯ ಬೆನ್ನಿಗೆ ಒತ್ತಿ ನರದ ಅಚ್ಚು ತೆಗೆದಿದ್ದು. ಒಂದು ದಿನ ನೆರಳಲ್ಲಿ ಒಣಗಿಸಿ, ರಾತ್ರಿ ದೀಪ ಆರಿಸಿ, ಫೈರ್ ಬ್ರಿಕ್ ಮೇಲಿಟ್ಟು ಅಡುಗೆಮನೆಯ ಬ್ಯುಟೇನ್ ಟಾರ್ಚ್‌ನಲ್ಲಿ ಒಂದಾದ ಮೇಲೊಂದು ಸುಟ್ಟೆ. ಕೆಂಪು ಕಂಡ ತಕ್ಷಣದಿಂದ ಎರಡು ನಿಮಿಷ ಎಣಿಸಿದೆ. ಮೊದಲನೆಯದು ಚೆನ್ನಾಗಿದೆ. ಎರಡನೆಯದಕ್ಕೆ ಕೊಕ್ಕೆ ಹಾಕುವಾಗ ತುದಿ ಲಟಕ್ಕನೆ ಮುರಿಯಿತು. ಮುರಿದ ಜಾಗ ಸುಣ್ಣದ ಹಾಗೆ ಪೇಲವ. ಇದನ್ನು ಉಳಿಸಬಹುದಾ? ಇದೇ ಕ್ಲೇಯಲ್ಲಿ ಕಾಲುಂಗುರ ಮಾಡಬಹುದಾ? ಬ್ರಾಂಜ್ (ಕಂಚಿನ) ಕ್ಲೇ ಕೂಡ ಟಾರ್ಚ್‌ನಲ್ಲಿ ಆಗುತ್ತಾ?

ಕುಲುಮೆಕಿಡಿ (ಮೈಸೂರು):
ಅರ್ಧ ಬೆಂದಿದೆ, ಅಷ್ಟೇ. ಮುರಿದ ಅಂಚು ಸುಣ್ಣದ ಹಾಗಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ.

ಈ ಕ್ಲೇ ಅಂದರೆ ಬೆಳ್ಳಿಯ ನುಣ್ಣನೆ ಪುಡಿ, ಅಂಟು, ನೀರು. ಮೊದಲು ಅಂಟು ಉರಿದು ಹೋಗುತ್ತದೆ. ಹೊಗೆ, ಪುಟ್ಟ ಜ್ವಾಲೆ ಬರುವುದು ಆಗಲೇ. ಆಮೇಲೆ ಬೆಳ್ಳಿ ಕರಗದೆಯೇ ಕಣಕ್ಕೆ ಕಣ ಬೆಸೆದುಕೊಳ್ಳಬೇಕು. ಅಕ್ಕಸಾಲಿಗರ ಮೂಸೆಯಲ್ಲಿ ಕರಗಿಸಿ ಎರೆಯುವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಸುಗೆಗೆ ಬಿಸಿಯೂ ಬೇಕು, ಆ ಬಿಸಿಯಲ್ಲಿ ಸಮಯವೂ ಬೇಕು. ಪಿಎಂಸಿ3ಗೆ ಬಿಸಿ ಅಳೆದು ಸುಡುವ ಗೂಡಿನಲ್ಲಿ, ಅಂದರೆ ಕಿಲ್ನ್‌ನಲ್ಲಿ ಕನಿಷ್ಠ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ 45 ನಿಮಿಷ, ಇಲ್ಲವೇ 700ರಲ್ಲಿ 10 ನಿಮಿಷ.

ನಿಮ್ಮ ಎಡವಟ್ಟು ದೀಪ ಆರಿಸಿದ್ದರಲ್ಲಿದೆ. ಕತ್ತಲಲ್ಲಿ ಸುಮಾರು 525 ಡಿಗ್ರಿಗೇ ಮಂಕು ಕೆಂಪು ಕಾಣಲು ಶುರುವಾಗುತ್ತದೆ. ನೀವು ಅಲ್ಲಿಂದಲೇ ಎಣಿಸಿದ್ದೀರಿ. ಕೆಂಪು ದಾಟಿ, ಹಣ್ಣಾದ ಪಪ್ಪಾಯಿಯ ತಿರುಳಿನ ತಿಳಿ ಕಿತ್ತಳೆ ಬಣ್ಣ ಇಡೀ ತುಂಡಿಗೆ ಬಂದ ಮೇಲೆ ಎಣಿಕೆ ಶುರು. 5 ಗ್ರಾಂ ಒಳಗಿನದಕ್ಕೆ ಎರಡು ನಿಮಿಷ, 15 ಗ್ರಾಂವರೆಗೆ ಮೂರು. 25 ಗ್ರಾಂ ದಾಟಿದರೆ ಟಾರ್ಚ್ ಬೇಡ. ಹಾಗಂತ ಮಟಮಟ ಮಧ್ಯಾಹ್ನ ತಾರಸಿ ಮೇಲೂ ಸುಡಬೇಡಿ. ಬಿಸಿಲಲ್ಲಿ ಬಣ್ಣವೇ ಕಾಣದೆ ಬಿಸಿ ಏರಿಸುತ್ತಾ ಹೋಗುತ್ತೀರಿ, ಅಂಚು ಕರಗುತ್ತದೆ. ಕಿಟಕಿ ತೆರೆದ, ನೆರಳಿನ ಕೋಣೆ ಸಾಕು. ಫ್ಯಾನ್ ಮಾತ್ರ ಆರಿಸಿ. ಮೇಲ್ಮೈ ಪಾದರಸದ ಹಾಗೆ ಮಿರುಗಿತೋ, ಅದೇ ಕ್ಷಣ ಜ್ವಾಲೆ ಹಿಂದಕ್ಕೆ.

ಮೊದಲನೆಯದು ಗಟ್ಟಿ, ಎರಡನೆಯದು ಯಾಕಲ್ಲ? ಬ್ಯುಟೇನ್ ಆವಿಯಾಗುತ್ತಾ ಟಾರ್ಚ್‌ನ ಟ್ಯಾಂಕು ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಜ್ವಾಲೆ ಸಣ್ಣದಾಗುತ್ತದೆ. ಎರಡು ತುಂಡಿನ ನಡುವೆ ಹತ್ತು ನಿಮಿಷ ಬಿಡಿ, ಗ್ಯಾಸ್ ತುಂಬಿಕೊಳ್ಳಿ. ಹಾಗೆ ನೋಡಿದರೆ ಮೊದಲ ಓಲೆಯನ್ನೂ ನಾನು ನಂಬುವುದಿಲ್ಲ. ಕಲ್ಲಿನ ಮೇಲೆ ಬೀಳಿಸಿ ನೋಡಿ: ಬೆಂದದ್ದು ಠಣ್ ಅನ್ನುತ್ತದೆ, ಬೇಯದ್ದು ಟಪ್ ಅನ್ನುತ್ತದೆ.

ಉಳಿಸಬಹುದು. ಅಪ್ಪಟ ಬೆಳ್ಳಿಯಾದ್ದರಿಂದ ಎಷ್ಟು ಸಲ ಸುಟ್ಟರೂ ಕಪ್ಪು ಕಟ್ಟುವುದಿಲ್ಲ. ಕ್ಲೇ ಪುಡಿಯನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕಲಸಿ ಬಿರುಕಿಗೆ ತುಂಬಿ, ಪೂರ್ತಿ ಒಣಗಿಸಿ, 800 ಡಿಗ್ರಿಯಲ್ಲಿ ಅರ್ಧ ಗಂಟೆ ಕಿಲ್ನ್‌ನಲ್ಲಿಡಿ. ಜೊತೆಗೆ ಮೊದಲನೆಯದನ್ನೂ ಇಡಿ, ಇಲ್ಲದಿದ್ದರೆ ಒಂದು ಹೆಚ್ಚು ಕುಗ್ಗಿ ಜೋಡಿ ಕೆಡುತ್ತದೆ.

ತಂತಿಬಳ್ಳಿ (ಮೈಸೂರು):
ಮೇಲಿನದಕ್ಕೆ ಒಂದು ತಿದ್ದುಪಡಿ. ಕಿಲ್ನ್ ಸಿಗುವುದಾದರೆ ಅರ್ಧ ಗಂಟೆಗೆ ನಿಲ್ಲಿಸಬೇಡಿ, 870ರಲ್ಲಿ ಎರಡು ಗಂಟೆ ಕೊಡಿ. ಬಲದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿದೆ. 900 ಅಂತ ಬರೆದಿರುವುದನ್ನು ಓದಿರುತ್ತೀರಿ. ಆದರೆ ಬೆಳ್ಳಿ ಕರಗುವುದು 961.8ಕ್ಕೆ, ಸಣ್ಣ ಕಿಲ್ನ್‌ಗಳ ಮೀಟರು 30–40 ಡಿಗ್ರಿ ಸುಳ್ಳು ಹೇಳುವುದು ಮಾಮೂಲು.

ಕಾಲುಂಗುರ ಬೇಡ. ನಮ್ಮಲ್ಲಿ ಕಾಲುಂಗುರ ಬಾಯಿ ತೆರೆದದ್ದು. ಹಾಕುವಾಗ ತೆಗೆಯುವಾಗ ಪ್ರತಿ ಸಲ ಬಾಗುತ್ತದೆ. ಕ್ಲೇಯಿಂದ ಬಂದ ಬೆಳ್ಳಿಯೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಉಳಿದೇ ಇರುತ್ತವೆ, ಎಳೆದ ತಂತಿಯ ಹಾಗೆ ಬಾಗಿಸಿಕೊಳ್ಳುವ ಜಾಯಮಾನ ಅದಕ್ಕಿಲ್ಲ. ಮುಚ್ಚಿದ ಬೆರಳುಂಗುರವಾದರೆ ಸರಿ, 2 ಮಿ.ಮೀ. ದಪ್ಪ ಇರಲಿ. ಅಳತೆಯಲ್ಲಿ ತಪ್ಪುವುದು ಇಲ್ಲಿ: ಒಳವ್ಯಾಸ 17 ಮಿ.ಮೀ. ಬೇಕು, ಕ್ಲೇ 10% ಕುಗ್ಗುತ್ತದೆ ಅಂದರೆ 17ಕ್ಕೆ 10% ಸೇರಿಸುವುದಲ್ಲ, 0.9ರಿಂದ ಭಾಗಿಸುವುದು. 18.7 ಅಲ್ಲ, 18.9. ಪಿಎಂಸಿ3 10ರಿಂದ 15% ಕುಗ್ಗುತ್ತದೆ, ಆದ್ದರಿಂದ ಮೊದಲು 50 ಮಿ.ಮೀ. ಪಟ್ಟಿ ಸುಟ್ಟು ನಿಮ್ಮ ಕೈಯ ಲೆಕ್ಕ ತೆಗೆಯಿರಿ.

ಓಲೆಯ ಕೊಕ್ಕೆಗೆ ಕ್ಲೇಯಲ್ಲೇ ತೂತು ಕೊರೆದಿದ್ದೀರಿ ಅನ್ನಿಸುತ್ತದೆ. ಬದಲಿಗೆ 20 ಗೇಜ್ ತಂತಿಯ ಪುಟ್ಟ ಕಣ್ಣಿ ಮಾಡಿ, ಅದರ ಎರಡು ತುದಿ ಸ್ವಲ್ಪ ಡೊಂಕು ಮಾಡಿ ಹಸಿ ಕ್ಲೇಗೆ ಹುದುಗಿಸಿ. ಕ್ಲೇ ಕುಗ್ಗುತ್ತಾ ತಾನೇ ಅದನ್ನು ಕಚ್ಚಿಕೊಳ್ಳುತ್ತದೆ. ಮೈಸೂರಿನ ಅಶೋಕ ರಸ್ತೆಯ ಅಂಗಡಿಗಳಲ್ಲಿ ಕೇಳುವಾಗ ಬರೀ ‘ಬೆಳ್ಳಿ ತಂತಿ’ ಅನ್ನಬೇಡಿ, 999 (ಅಪ್ಪಟ ಬೆಳ್ಳಿ) ಅನ್ನಿ. 92.5ರ ಬೆಳ್ಳಿಯಲ್ಲಿ ತಾಮ್ರ ಇರುವುದರಿಂದ 800 ಡಿಗ್ರಿಗೆ ಕಪ್ಪಾಗಿ ಪೆಡಸಾಗುತ್ತದೆ.

ಒಣಗಿದೆಯಾ ಅಂತ ದಿನದ ಲೆಕ್ಕದಲ್ಲಿ ಹೇಳಬೇಡಿ. ನಾಲೆ ಬಯಲಿನ ಮಳೆಗಾಲದಲ್ಲಿ ಒಂದು ದಿನ ಏನೇನೂ ಅಲ್ಲ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗಾಗಿಸಿ ಕನ್ನಡಿ ಮೇಲಿಡಿ. ಎತ್ತಿದಾಗ ಮಂಜು ಕಟ್ಟಿದ್ದರೆ ಒಳಗೆ ನೀರಿದೆ. ಆ ನೀರು ಆವಿಯಾಗಿಯೇ ತುಂಡು ಸಿಡಿಯುವುದು. ಅಲ್ಯೂಮಿನಿಯಂ ತಟ್ಟೆ, ಫಾಯಿಲ್ ಯಾವುದೂ ಹಸಿ ಕ್ಲೇಗೆ ತಾಗದಿರಲಿ.

ಕುಲುಮೆಕಿಡಿ:
870 ಒಪ್ಪಿದೆ.

ಬ್ರಾಂಜ್ ಟಾರ್ಚ್‌ನಲ್ಲಿ ಆಗಲ್ಲ. ಗಾಳಿ ತಾಗಿದರೆ ತಾಮ್ರ ಆಕ್ಸೈಡ್ ಆಗಿ ಕರಿ ಹಕ್ಕಳೆ ಏಳುತ್ತದೆ, ಕಣ ಬೆಸೆಯುವುದೇ ಇಲ್ಲ. ಎರಡು ಹಂತ ಬೇಕು: ಮೊದಲು ತೆರೆದ ಜಾಲರಿ ಮೇಲೆ ಸುಮಾರು 350 ಡಿಗ್ರಿಯಲ್ಲಿ ಅಂಟು ಸುಡುವುದು, ನಂತರ ಸ್ಟೀಲ್ ಡಬ್ಬಿಯಲ್ಲಿ ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್ ಕೆಳಗೆ ಮೇಲೆ ಎರಡೆರಡು ಸೆಂ.ಮೀ. ತುಂಬಿ ಹುದುಗಿಸಿ 800ರ ಆಸುಪಾಸು. ನಿಖರ ಅಂಕಿ ಪ್ಯಾಕೆಟ್ಟಿನದೇ, ಕಂಪನಿಯಿಂದ ಕಂಪನಿಗೆ ಬೇರೆ. ಹೆಚ್ಚಾದರೆ ಮೈಮೇಲೆ ಬೊಬ್ಬೆ. ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಮಲಗುವ ಕೋಣೆಯ ಪಕ್ಕ ಕಿಲ್ನ್ ಇಡಬೇಡಿ.

ಹೊಂಬಾಳೆ:
ಬೀಳಿಸಿ ನೋಡಿದೆ. ಮೊದಲನೆಯದೂ ಟಪ್ಪೇ. ಎರಡನ್ನೂ ಕಿಲ್ನ್‌ಗೆ ಕೊಡುತ್ತೇನೆ. ಹಿತ್ತಾಳೆ ಬ್ರಷ್ ಹಾಕಿ ಹೊಳಪು ಕೊಟ್ಟಾಗಿದೆ, ಅದರಿಂದ ತೊಂದರೆಯಾ?

ತಂತಿಬಳ್ಳಿ:
ಇಲ್ಲ. ಅಂಟುವಾಳದ ನೀರಲ್ಲಿ ತೊಳೆದು ಜಿಡ್ಡು ತೆಗೆಯಿರಿ ಸಾಕು. ಸುಟ್ಟ ಮೇಲೆ ಮತ್ತೆ ಬೆಳ್ಳಗಾದರೆ ಗಾಬರಿ ಬೇಡ, ಅದೇ ಬ್ರಷ್ಷು ಅದೇ ನೀರು. ಗಂಧಕದಲ್ಲಿ ಕಪ್ಪು ಮಾಡಿದ್ದರೆ ಮಾತ್ರ ಅದನ್ನು ಮೊದಲು ತೆಗೆದುಬಿಡಿ.