ಅಪ್‌ಡೇಟ್: ಅಪ್ಪನ ಪಾರ್ಶ್ವವಾಯು, ಗಂಗಾವತಿಯ ಗದ್ದೆ ಮಾರಬೇಕಾ ಅಂತ ಕೇಳಿದ್ದೆ

ಹೋದ ವರ್ಷ ಮುಂಗಾರಿನ ಹೊತ್ತಿಗೆ ಕೇಳಿದ್ದೆ. ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದಿತ್ತು, ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆ ಮಾರೋದಾ, ಇಟ್ಟುಕೊಳ್ಳೋದಾ ಅಂತ. ಮಾರಬೇಡಿ, ಲೀಸಿಗೆ ಕೊಡಿ ಅಂದವರೇ ಜಾಸ್ತಿ. ಹಾಗೇ ಮಾಡಿದೆವು.

ಭತ್ತ ನಾಟಿ ಆಗಿತ್ತು ಅಷ್ಟೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ನೀರೆಲ್ಲ ನದಿಗೆ. ಊರಲ್ಲಿ ಯಾರಿಗೂ ನಿದ್ದೆ ಇಲ್ಲ. ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದರಲ್ಲ, ಆ ಕೆಲಸಗಾರರಿಗೆ ಎಷ್ಟು ಕೈ ಮುಗಿದರೂ ಸಾಲದು. ಆಮೇಲೆ ಮಲೆನಾಡಲ್ಲಿ ಮಳೆಯಾಗಿ ಡ್ಯಾಮ್ ಮತ್ತೆ ತುಂಬಿತು. ಬೆಳೆ ಕೈಗೆ ಬಂತು.

ಇನ್ನು ಅಪ್ಪ. ಫಿಸಿಯೋಥೆರಪಿಯವರು ಕೈಯಲ್ಲಿ ಒತ್ತೋಕೆ ರಬ್ಬರ್ ಚೆಂಡು ಕೊಟ್ಟಿದ್ದರು. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ, ಮಕ್ಕಳಾಟ ಅಂತ ಸಿಟ್ಟು. ಅವ್ವ ಸುಮ್ನೆ ಜೋಳದ ಹಿಟ್ಟಿನ ಉಂಡೆ ಮುಂದಿಟ್ಟು "ನಾದಿ ಕೊಡ್ರಿ" ಅಂದಳು. ಮೊದಲು ಬೆರಳು ಹಿಟ್ಟಲ್ಲಿ ಇಳಿಯುತ್ತಲೇ ಇರಲಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಕಳಿಸಿದ ರೊಟ್ಟಿ ಗಂಟಲ್ಲಿ ಅಪ್ಪ ತಟ್ಟಿದ ರೊಟ್ಟಿಯೂ ಇತ್ತು. ಅಂಚೆಲ್ಲ ಹರಿದದ್ದು. ಅದನ್ನೇ ಮೇಲಿಡು ಅಂತ ಹಟ ಬೇರೆ!

ಸಾಲ ಇನ್ನೂ ಇದೆ, ಅದು ಬೇರೆ ಮಾತು. ಆವತ್ತು ಧೈರ್ಯ ಹೇಳಿದವರಿಗೆಲ್ಲ ಥ್ಯಾಂಕ್ಸ್. ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ, ವಾಕರ್ ಮೂಲೆ ಸೇರಿದೆ. ಗಂಗಾವತಿ, ಕಾರಟಗಿ ಕಡೆ ಯಾರಿಗಾದರೂ ಆ ವಾಕರ್ ಬೇಕಿದ್ದರೆ ಹೇಳಿ, ದುಡ್ಡು ಬೇಡ.